ಕ್ಯಾಲೆಂಡರಿನ ಅಂಗೈ

ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯಲ್ಲಿ, ಡ್ರೈವರಿಗೆ ಮನಸ್ಸು ಬಂದರೆ ಮಾತ್ರ ಬಸ್ಸು ನಿಲ್ಲುವ ಒಂದು ಊರಿದೆ. ಆ ಊರಿನ ಹಾಲಿನ ಡೇರಿಯವರು ಹೋದ ವರ್ಷ ಅಚ್ಚು ಹಾಕಿಸಿದ ಕ್ಯಾಲೆಂಡರಿನಲ್ಲಿ ದೇವರ ಪಟ ಇರಲಿಲ್ಲ. ಹಸುವಿನ ಪಟವೂ ಇರಲಿಲ್ಲ. ಎರಡು ಅಂಗೈಗಳಿದ್ದವು. ಹಳದಿ ಬಣ್ಣದ, ದಪ್ಪಗೆ ಗಟ್ಟಿಯಾದ, ಅಲ್ಲಲ್ಲಿ ಸೀಳು ಬಿಟ್ಟ ಅಂಗೈಗಳು. ಕೆಳಗೆ ಕೆಂಪಕ್ಷರದಲ್ಲಿ ‘ದುಡಿದ ಕೈ’ ಎಂದಿತ್ತು.

ಅವು ಅಕ್ಕಯ್ಯಮ್ಮನ ಕೈಗಳು. ಡೇರಿ ಸೆಕ್ರೆಟರಿ ವೆಂಕಟರವಣಪ್ಪ ತಾನೇ ನಿಂತು ಫೋಟೋ ತೆಗೆಸಿದ್ದ. ಊರಿನ ಪ್ರತಿ ಮನೆಯಲ್ಲೂ ಈ ಕೈಗಳು ನೇತಾಡುತ್ತಿದ್ದವು. ಬೆಳಿಗ್ಗೆ ಆರು ಗಂಟೆಯಾದರೂ ಏಳದ ಸೊಸೆಯರಿಗೆ ಅತ್ತೆಯರು ಮಾತಾಡುವ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲ, ಗೋಡೆಯ ಕಡೆ ಬೆರಳು ತೋರಿಸುತ್ತಿದ್ದರು. ಡಿಸೆಂಬರ್ ಬೇಗ ಬರಲಿ ಎಂದು ಆ ಊರಿನ ಸೊಸೆಯರಷ್ಟು ಕಾದವರು ಜಿಲ್ಲೆಯಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಅಕ್ಕಯ್ಯಮ್ಮನಿಗೆ ಈಗ ಅರವತ್ಮೂರು. ಅವಳು ಯಾರಿಗೂ ಹೇಳದ ಒಂದು ವಿಷಯವಿತ್ತು. ಆ ಕೈ ದುಡಿದು ಬಂದದ್ದಲ್ಲ.

ಕತೆ ಶುರುವಾಗುವುದು ನಲವತ್ತೈದು ವರ್ಷದ ಹಿಂದೆ, ಗೌರಿಬಿದನೂರಿನ ಕಡೆಯ ತೊಂಡೇಬಾವಿಯಲ್ಲಿ. ಅವಳ ಅತ್ತೆಯಾಗಲಿದ್ದ ಹೆಂಗಸು ಹೆಣ್ಣು ನೋಡಲು ಬಂದಿದ್ದರು. ಆ ಮನೆತನದಲ್ಲಿ ಹೆಣ್ಣು ನೋಡುವುದೆಂದರೆ ಕೈ ನೋಡುವುದು. ಮುಖ, ಬಣ್ಣ, ಹಾಡು ಇವೆಲ್ಲ ಆಮೇಲೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು ಕೈ, ರೇಷ್ಮೆ ಹುಳು ಸಾಕುವುದು ಕೈ. ಕಾಫಿ ಲೋಟ ಕೆಳಗಿಟ್ಟ ಆ ಯಜಮಾನಿ ಹುಡುಗಿಯ ಅಂಗೈಯನ್ನು ಎಳೆದುಕೊಂಡು ಹೆಬ್ಬೆರಳಿನಿಂದ ಅದುಮಿ ನೋಡಿದರು. ಅವರ ಮುಖ ಅರಳಿತು.

"ಹದಿನೆಂಟು ವರ್ಷಕ್ಕೆ ಇಷ್ಟು ದುಡ್ದವ್ಳೆ ನೋಡ್ರಪ್ಪ! ಇನ್ನೇನ್ ಕೇಳೋದು, ತಾಂಬೂಲ ತೆಗೀರಿ" ಅಂದರು.

ಹುಡುಗಿ ಅಲ್ಲಿಯವರೆಗೆ ಮಾಡಿದ್ದ ಅತಿ ದೊಡ್ಡ ಕೆಲಸವೆಂದರೆ ಜಗಲಿಯಲ್ಲಿ ಕಾಲು ಚಾಚಿ ವಾರಪತ್ರಿಕೆಯ ಧಾರಾವಾಹಿ ಓದುವುದು. ಅವಳ ಅಪ್ಪ ನಾಟಕಗಳಿಗೆ ಹಾರ್ಮೋನಿಯಂ ನುಡಿಸುವವರು. ಹೊಲ ಇತ್ತು, ಹೊಲದ ದಾರಿ ಅವರಿಗೆ ಸರಿಯಾಗಿ ಗೊತ್ತಿರಲಿಲ್ಲ. ಅವರ ಅಂಗೈಯೂ ಹೀಗೇ ಹಳದಿ, ಹೀಗೇ ದಪ್ಪ. ಮಗಳಿಗೆ ಮೂರು ತಿಂಗಳಾಗಿದ್ದಾಗಲೇ ಅಂಗೈ, ಅಂಗಾಲು ಗಟ್ಟಿಯಾಗತೊಡಗಿದ್ದವು. ‘ಅಪ್ಪನ ಕೈ ಬಂತು’ ಎಂದು ಮನೆಯಲ್ಲಿ ನಕ್ಕು ಸುಮ್ಮನಾಗಿದ್ದರು. ಹೆಣ್ಣು ನೋಡಲು ಬಂದವರ ಮುಂದೆ ಅಪ್ಪ ತಮ್ಮ ಕೈಗಳನ್ನು ಟವೆಲಿನೊಳಗೆ ಸೇರಿಸಿಕೊಂಡು ಎರಡು ಸಲ ಕೆಮ್ಮಿದರು. ಅಕ್ಕಯ್ಯಮ್ಮ ಸುಳ್ಳು ಹೇಳಲಿಲ್ಲ. ಯಾರೂ ಏನೂ ಕೇಳಲಿಲ್ಲ, ಅವಳು ಹೇಳಲಿಲ್ಲ, ಅಷ್ಟೇ.

ಆದರೆ ಮದುವೆಯಾದ ಮೇಲೆ ಕೈಯ ಮರ್ಯಾದೆ ಉಳಿಸಬೇಕಲ್ಲ. ನಾಲ್ಕೂವರೆಗೆ ಏಳುವುದನ್ನು ಕಲಿತಳು. ತೋಟಕ್ಕೆ ಎಲ್ಲರಿಗಿಂತ ಮೊದಲು ಹೋಗುವುದು, ಎಲ್ಲರಿಗಿಂತ ಕೊನೆಗೆ ಬರುವುದು. ಸೊಪ್ಪು ಕೊಯ್ಯುವುದು, ಹೆಚ್ಚುವುದು, ಹುಳುಗಳಿಗೆ ಹಾಕುವುದು, ಗೂಡು ಕಟ್ಟುವಷ್ಟು ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಯ ಬಿದಿರು ತಟ್ಟೆಗೆ ಬಿಡುವುದು, ಗೂಡು ಬಿಡಿಸುವುದು. ಚಳಿಗಾಲದಲ್ಲಿ ಅಂಗೈ ಸೀಳಿ ಉರಿಯುತ್ತಿದ್ದಾಗ ಬಚ್ಚಲಲ್ಲಿ ಕೂತು ಕದ್ದು ಹರಳೆಣ್ಣೆ ಸವರಿಕೊಳ್ಳುತ್ತಿದ್ದಳು. ಕಲ್ಲಿನಿಂದ ಉಜ್ಜಿ ತೆಳ್ಳಗೆ ಮಾಡಿಕೊಳ್ಳಬಹುದಿತ್ತು. ಹಾಗೆ ಮಾಡಲು ಧೈರ್ಯ ಸಾಲಲಿಲ್ಲ. ಕೈ ತೆಳ್ಳಗಾದರೆ, ಇವಳು ಕೆಲಸ ಬಿಟ್ಟಳು ಎಂದು ಊರು ಮಾತಾಡುವುದಿಲ್ಲವೇ?

ಮಗಳು ಲಾವಣ್ಯ ಹುಟ್ಟಿದಳು. ಅವಳ ಕೈ ಬೆಣ್ಣೆ. ಪಾಪ, ಅವಳೂ ಅಮ್ಮನ ಜೊತೆ ಅಷ್ಟೇ ದುಡಿದಳು, ಆದರೆ ಏನು ಮಾಡಿದರೂ ಕೈ ಬೆಣ್ಣೆಯಾಗಿಯೇ ಉಳಿಯಿತು. ಆದ್ದರಿಂದ ಮನೆಯಲ್ಲಿ ಮೈಗಳ್ಳಿ ಎಂಬ ಹೆಸರು ಪಡೆದು, ಅದೇ ಹೆಸರಿನಲ್ಲಿ ಮದುವೆಯಾಗಿ ಹೋದಳು. ಹನ್ನೊಂದು ವರ್ಷದ ಮೇಲೆ ಮಗ ಮೋಹನ್‌ಬಾಬು ಹುಟ್ಟಿದ. ಅವನಿಗೆ ನಾಲ್ಕು ತಿಂಗಳಾದಾಗ ಅಂಗೈ ನೋಡಿದ ಅಕ್ಕಯ್ಯಮ್ಮ ಅದನ್ನು ಥಟ್ಟನೆ ಮಡಚಿ ಹಿಡಿದಳು. ಅವನಿಗೆ ಮೂರು ವರ್ಷವಾಗುವವರೆಗೆ ಸೆರಗಿನಲ್ಲಿ, ಕೈಗವಸಿನಲ್ಲಿ, ಏನೇನೋ ಮಾಡಿ ಮುಚ್ಚಿಟ್ಟಳು. ಮೂರು ತುಂಬುತ್ತಿದ್ದಂತೆ ಅವನ ಕೈಗೆ ಸೊಪ್ಪಿನ ಕಂತೆ ಕೊಟ್ಟು ಊರ ನಡುವಿನ ದಾರಿಯಲ್ಲಿ ನಡೆಸಿಕೊಂಡು ಬಂದಳು. ಎಲ್ಲರೂ ನೋಡಲಿ ಎಂದೇ ಆ ದಾರಿ.

"ಮೂರು ವರ್ಷಕ್ಕೇ ಸೊಪ್ಪು ಹಿಡ್ದವ್ನೆ ನೋಡು, ತಾಯಿ ಕೈಯೇ ಬಂತು" ಎಂದು ಊರು ಮೆಚ್ಚಿತು. ಆಮೇಲೆ ಆ ಹುಡುಗನನ್ನು ಗೋಲಿ ಆಡಲು ಬಿಟ್ಟವರು ಯಾರು? ಮೋಹನ್‌ಬಾಬು ಓದಿ ಚಿಂತಾಮಣಿಯ ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿ ಹತ್ತು ವರ್ಷ ಕಂಪ್ಯೂಟರ್ ಕುಟ್ಟಿದರೂ ಅಂಗೈ ಒಂದು ಕೂದಲೆಳೆಯಷ್ಟೂ ತೆಳ್ಳಗಾಗಲಿಲ್ಲ. ‘ಚಿಕ್ಕಂದಿನಲ್ಲಿ ದುಡಿದದ್ದು ಒಳಗೆ ಇಳಿದುಬಿಟ್ಟಿದೆ’ ಎಂದು ಅವನು ಪೂರಾ ನಂಬಿದ್ದ.

ಅವನ ಹೆಂಡತಿ ಶಿರೀಷಾ ಚಿಂತಾಮಣಿಯವಳು, ಬಿ.ಕಾಂ. ಓದಿದವಳು. ಹೋದ ವರ್ಷ ಅವರಿಗೆ ಹರಿತಾ ಹುಟ್ಟಿದಳು. ಬಾಣಂತನ ಮುಗಿಸಿಕೊಂಡು ಮಗುವಿನೊಡನೆ ಶಿರೀಷಾ ಊರಿಗೆ ಬಂದಾಗ ಮಗುವಿಗೆ ನಾಲ್ಕು ತಿಂಗಳು. ಅಂಗೈ ಆಗಲೇ ಹಳದಿಗೆ ತಿರುಗಿ ದಪ್ಪವಾಗುತ್ತಿತ್ತು, ಮಣಿಕಟ್ಟಿನ ಹತ್ತಿರ ಗೆರೆ ಎಳೆದಂತೆ ಕೆಂಪು ಅಂಚು. ಅಕ್ಕಯ್ಯಮ್ಮ ನೋಡಿದ ಕೂಡಲೇ ಗುರುತು ಹಿಡಿದಳು. ಈ ಸಲ ಹೇಳಲು ನೆಪವೇ ಇರಲಿಲ್ಲ. ನಾಲ್ಕು ತಿಂಗಳ ಕೂಸು ಯಾವ ತೋಟದಲ್ಲಿ ಸೊಪ್ಪು ಕೊಯ್ದಿತ್ತು ಎನ್ನುವುದು?

ಆದರೆ ಶಿರೀಷಾ ತಾನೇ ಒಂದು ಕಾರಣ ಹುಡುಕಿಕೊಂಡಿದ್ದಳು. ಅವಳು ಮೂರು ತಿಂಗಳ ಬಸುರಿಯಾಗಿದ್ದಾಗ ಅಕ್ಕಯ್ಯಮ್ಮ ಒಂದು ಮದುವೆಗೆಂದು ಗೌರಿಬಿದನೂರಿಗೆ ಹೋಗಿದ್ದಳು. ಹೊಸ ಹುಳು ಬರುವ ಮುಂಚೆ ಹುಳುಮನೆ ಶುದ್ಧ ಮಾಡಬೇಕಲ್ಲ, ಶಿರೀಷಾಳೇ ಬರಿಗೈಯಲ್ಲಿ ಬ್ಲೀಚಿಂಗ್ ಪೌಡರ್ ಎರಚಿದ್ದಳು. ಆ ಪೌಡರಿನ ವಿಷವೇ ಹೊಟ್ಟೆಯಲ್ಲಿದ್ದ ಮಗುವಿನ ಕೈಗೆ ಹತ್ತಿದೆ ಎಂದು ಅವಳ ತಲೆಗೆ ಹೊಕ್ಕಿತು. ಡೇರಿಗೆ ಹಾಲು ಹಾಕಲು ಬರುವ ಹೆಂಗಸರು ‘ಇದ್ರೂ ಇರ್ಬೋದಮ್ಮ’ ಎಂದು ತಮ್ಮ ಪಾಲಿನ ಉಪಕಾರ ಮಾಡಿದರು. ಅಂದಿನಿಂದ ಅವಳು ಮಗುವನ್ನು ಎತ್ತಿಕೊಳ್ಳುವಾಗ ಕೈಗೆ ಬಟ್ಟೆ ಸುತ್ತಿಕೊಳ್ಳತೊಡಗಿದಳು. ತನ್ನ ಕೈ ತಾಗಿದರೆ ಇನ್ನಷ್ಟು ಹಾಳಾಗುತ್ತದೆ ಎಂಬ ಭಯ. ಹೆತ್ತವಳು ಬಟ್ಟೆ ಸುತ್ತಿದ ಕೈಯಲ್ಲಿ ಮಗುವಿನ ಕೆನ್ನೆ ಸವರುವುದನ್ನು ನೋಡಿ ಅಕ್ಕಯ್ಯಮ್ಮನಿಗೆ ಅನ್ನ ಇಳಿಯುತ್ತಿರಲಿಲ್ಲ. ಇಳಿಯದಿದ್ದರೂ ಬಾಯಿ ಬಿಡಲಿಲ್ಲ.

ಅತ್ತೆ, ಸೊಸೆ, ಮಗು ಮೂವರೂ ಚಿಕ್ಕಬಳ್ಳಾಪುರಕ್ಕೆ ಹೋದರು. ಅಲ್ಲಿ ಚರ್ಮದ ಡಾಕ್ಟರು ಶ್ರೀವಿದ್ಯಾ. ಮಗುವಿನ ಕೈಕಾಲು ತಿರುಗಿಸಿ ನೋಡಿ, "ಮನೇಲಿ ಬೇರೆ ಯಾರಿಗಾದರೂ ಹೀಗಿದೆಯಾ?" ಎಂದು ಕೇಳಿದರು.

"ಇಲ್ಲ ಮೇಡಂ. ನಮ್ಮ ಮನೆಯವ್ರ ಕೈ ಗಟ್ಟಿ ಇದೆ, ಅತ್ತೇದೂ ಇದೆ. ಅವೆಲ್ಲ ಕೆಲ್ಸ ಮಾಡಿ ಬಂದಿದ್ದು" ಎಂದಳು ಶಿರೀಷಾ. ಅವಳು ಅದನ್ನು ಹೆಮ್ಮೆಯಿಂದ ಬೇರೆ ಹೇಳಿದಳು.

ಡಾಕ್ಟರು ಕೈ ಚಾಚಿದರು. ಅಕ್ಕಯ್ಯಮ್ಮ ಸೆರಗಿನಿಂದ ಕೈ ತೆಗೆಯಲೇಬೇಕಾಯಿತು. ಡಾಕ್ಟರು ಬಹಳ ಹೊತ್ತು ನೋಡಿದರು.

"ಯಾವಾಗಿಂದ ಅಮ್ಮ ಇದು?"

"ಸೊಪ್ಪು ಕೊಯ್ದು ಕೊಯ್ದು ಬಂತಮ್ಮ" ಎಂದು ನಲವತ್ತೈದು ವರ್ಷದ ಅಭ್ಯಾಸ ತಾನಾಗಿ ಬಾಯಿಗೆ ಬಂತು.

"ಕೆಲಸ ಮಾಡಿದ ಕೈ ಬೆರಳ ಬುಡದಲ್ಲಿ, ಹಿಡಿ ತಾಗುವ ಕಡೆ ಜಡ್ಡುಗಟ್ಟುತ್ತೆ. ನಿಮ್ಮದು ಇಡೀ ಅಂಗೈ ಒಂದೇ ಸಮ ಇದೆ." ಡಾಕ್ಟರು ಮಗುವಿನ ಅಂಗೈಯನ್ನು ಇನ್ನೊಮ್ಮೆ ನೋಡಿ ಮುಂದುವರಿಸಿದರು. "ನೋಡಿ, ನಿಮ್ಮದು ಹುಟ್ಟಿನಿಂದ ಬಂದದ್ದಾದರೆ ನಿಮ್ಮ ಕೈಯಿಂದ ಕಡಲೆಬೇಳೆಯಷ್ಟು ಚರ್ಮ ತೆಗೆದು ಬೆಂಗಳೂರಿಗೆ ಕಳಿಸ್ತೀನಿ, ಮಗೂನ ಮುಟ್ಟೋದೇ ಬೇಡ. ನಿಮ್ಮದು ಕೆಲಸದ್ದೇ ಆದರೆ ಮಗುವಿನದು ಏನು ಅಂತ ತಿಳಿಯೋಕೆ ಮಗುವಿನ ಕೈಯಿಂದಲೇ ತೆಗೀಬೇಕಾಗುತ್ತೆ. ಮುಂದಿನ ಬುಧವಾರ ಬನ್ನಿ. ಅಷ್ಟರಲ್ಲಿ ಯೋಚನೆ ಮಾಡಿ."

ಬಸ್ಸಿನಲ್ಲಿ ಶಿರೀಷಾ ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತಳು. "ನಾನು ಮಾಡಿದ ತಪ್ಪಿಗೆ ಈ ಬಂಗಾರಿ ಕೈಗೆ ಬ್ಲೇಡು ಹಾಕ್ತಾರಲ್ಲ ಅತ್ತೆ" ಎಂದಳು. ಅತ್ತೆ ಅವಳ ಬೆನ್ನು ಸವರಿದಳು. ಮಾತು ಗಂಟಲವರೆಗೆ ಬಂದು, ಶಿಡ್ಲಘಟ್ಟದ ಬಸ್‌ಸ್ಟ್ಯಾಂಡ್ ನೋಡಿ ವಾಪಸು ಹೋಯಿತು.

ಆ ಒಂದು ವಾರ ಅಕ್ಕಯ್ಯಮ್ಮ ಮನೆಯ ಕೆಲಸವನ್ನೆಲ್ಲ ಎರಡೆರಡು ಸಲ ಮಾಡಿದಳು. ಗುಡಿಸಿದ ಅಂಗಳವನ್ನೇ ಗುಡಿಸಿದಳು. ಒಂದು ಕಡೆ ಮೊಮ್ಮಗಳ ಕೈ, ಸೊಸೆಯ ಕಣ್ಣೀರು. ಇನ್ನೊಂದು ಕಡೆ ತನ್ನ ಹೆಸರು. ಇದರಲ್ಲಿ ಯೋಚನೆ ಮಾಡಲು ಏನಿದೆ ಎಂದು ನಾವು ಸುಲಭವಾಗಿ ಕೇಳಿಬಿಡಬಹುದು, ನಮ್ಮ ಕೈಯನ್ನು ಯಾರೂ ಕ್ಯಾಲೆಂಡರಿನಲ್ಲಿ ಹಾಕಿಲ್ಲ. ಅತ್ತೆಗೆ ಮೋಸ ಮಾಡಿ ಈ ಮನೆ ಸೇರಿದವಳು ಅನ್ನಿಸಿಕೊಳ್ಳಬೇಕಲ್ಲ ಎನ್ನುವುದೇ ಅವಳಿಗೆ ನುಂಗಲಾರದ ತುತ್ತಾಗಿತ್ತು.

ಮಂಗಳವಾರ ಸಂಜೆ ಗಂಡ ಮುನಿಶಾಮಪ್ಪ ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಮೋಹನ್‌ಬಾಬು ಆಗತಾನೇ ಆಫೀಸಿನಿಂದ ಬಂದು ಶೂ ಬಿಚ್ಚುತ್ತಿದ್ದ. ಒಳಗೆ ಮಗು ಅತ್ತಿತು. ಶಿರೀಷಾ ಎದ್ದವಳು ಮಗುವಿನ ಕಡೆ ಹೋಗುವ ಮೊದಲು ಕೈಬಟ್ಟೆ ಎಲ್ಲಿದೆಯೆಂದು ಹುಡುಕತೊಡಗಿದಳು. ಮಗು ಅಳುತ್ತಲೇ ಇತ್ತು, ಅವಳು ಹುಡುಕುತ್ತಲೇ ಇದ್ದಳು.

"ಬಿಸಾಕೇ ಆ ಬಟ್ಟೇನ!" ಎಂದು ಅಕ್ಕಯ್ಯಮ್ಮ ಕೂಗಿದ ಕೂಗಿಗೆ ಮಗುವೇ ಅಳು ನಿಲ್ಲಿಸಿತು. "ನಿನ್ ಕೈಯಿಂದ ಏನೂ ಆಗಿಲ್ಲ ಕಣೇ. ಅದು ನನ್ ಕೈ. ನಾನು ಹುಟ್ಟಿದ್ದೇ ಹಿಂಗೆ. ನಮ್ಮಪ್ಪನೂ ಹಂಗೇ. ಮೋಹನಂಗೆ ನಾಲ್ಕು ತಿಂಗ್ಳಿಗೇ ಬಂದಿತ್ತು, ನಾನೇ ಮುಚ್ಚಿಟ್ಟೆ. ದುಡಿದ ಕೈಯೂ ಅಲ್ಲ, ಮಣ್ಣೂ ಅಲ್ಲ."

ಹೇಳಿ ಅಲ್ಲೇ ಹೊಸ್ತಿಲ ಮೇಲೆ ಕೂತಳು. ಮೋಹನ್‌ಬಾಬು ಒಂದು ಶೂ ಕೈಯಲ್ಲಿ ಹಿಡಿದುಕೊಂಡೇ ತನ್ನ ಇನ್ನೊಂದು ಅಂಗೈಯನ್ನು ನೋಡಿದ.

"ಹಂಗಾದ್ರೆ ನಾನು ಗೋಲಿ ಆಡ್ಕೊಂಡು ಇರ್ಬೋದಾಗಿತ್ತಲ್ಲಮ್ಮ!" ಎಂದ.

ಅವನು ತಮಾಷೆಗೇ ಹೇಳಿದ್ದು. ಆದರೆ ಅಕ್ಕಯ್ಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಸೊಪ್ಪಿನ ಕಂತೆ ಹೊತ್ತ ಮೂರು ವರ್ಷದ ಹುಡುಗ ಅವಳ ಕಣ್ಣಿಗೆ ಕಟ್ಟಿದ್ದ.

ಆಗ ಜಗಲಿಯಿಂದ ಮುನಿಶಾಮಪ್ಪ ಎಲೆಯ ತೊಟ್ಟು ಮುರಿಯುತ್ತಾ ಕೇಳಿದ, "ಇದಕ್ಯಾಕೆ ಇಷ್ಟು ಗಲಾಟೆ? ಈಗ ಗೊತ್ತಾಯ್ತಾ ನಿಮಗೆಲ್ಲ?"

"ಅಂದ್ರೆ? ನಿಮಗೆ ಗೊತ್ತಿತ್ತಾ?" ಅಕ್ಕಯ್ಯಮ್ಮ ಸೆರಗು ತೆಗೆದಳು.

"ಧಾರೆ ಎರೆಯೋವಾಗ ನಿಮ್ಮಪ್ಪನ ಕೈ ನನ್ ಕೈಗೆ ತಾಗ್ಲಿಲ್ವೇನೇ? ಇದೇ ದಪ್ಪ, ಇದೇ ಗಟ್ಟಿ. ಹಾರ್ಮೋನಿಯಂ ಬಾರ್ಸಿ ಬಾರ್ಸಿ ಬಂತು ಅಂದ್ಕೊಳ್ಳೋಕೆ ನನಗೇನು ಬುದ್ಧಿ ಇಲ್ವಾ?"

"ನಲವತ್ತೈದು ವರ್ಷ ಯಾಕೆ ಬಾಯಿ ಬಿಡ್ಲಿಲ್ಲ ಮತ್ತೆ?"

"ಬಾಯಿ ಬಿಟ್ರೆ ನಾಲ್ಕೂವರೆಗೆ ಏಳೋರು ಯಾರು? ನಾನಾ?" ಎಂದು ಮುನಿಶಾಮಪ್ಪ ಎಲೆಯನ್ನು ಮಡಚಿ ಬಾಯಿಗಿಟ್ಟುಕೊಂಡ.

ಅಕ್ಕಯ್ಯಮ್ಮನಿಗೆ ಬಂದ ಕೋಪಕ್ಕೆ ಅಳು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆ ಸಂಜೆ ಆ ಮನುಷ್ಯನಿಗೆ ಸಿಕ್ಕಿದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ, ಅರ್ಧ ಕನ್ನಡ, ಅರ್ಧ ತೆಲುಗು. ಅದರ ನಡುವೆ ಶಿರೀಷಾ ಸದ್ದಿಲ್ಲದೆ ಒಳಗೆ ಹೋಗಿ ಬರಿಗೈಯಲ್ಲಿ ಮಗುವನ್ನು ಎತ್ತಿಕೊಂಡು, ಅದರ ಎರಡೂ ಅಂಗೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡು ನಿಂತಿದ್ದಳು.

ಬುಧವಾರ ಅಕ್ಕಯ್ಯಮ್ಮ ಡಾಕ್ಟರ ಮುಂದೆ ಕೈ ಚಾಚಿ, "ತಗೊಳ್ಳಿ ತಾಯಿ, ಕಡಲೆಬೇಳೆ ಯಾಕೆ, ಪಾವು ಬೇಳೆ ತಗೊಳ್ಳಿ" ಎಂದಳು. ಮೂರು ವಾರದ ಮೇಲೆ ವರದಿ ಬಂತು. ಈ ಸಲ ಮನೆಮಂದಿಯೆಲ್ಲ ಹೋಗಿದ್ದರು. ಡಾಕ್ಟರು ಕಂಪ್ಯೂಟರಿನಲ್ಲಿ ಎರಡು ಚಿತ್ರ ತೆರೆದರು.

"ಚರ್ಮ ಅಂದರೆ ಪದರ ಪದರವಾಗಿ ಜೋಡಿಸಿದ ಜೀವಕೋಶಗಳು. ಕೆಳಗೆ ಹುಟ್ಟಿ, ಮೇಲಕ್ಕೆ ಬರ್ತಾ ಬರ್ತಾ ಚಪ್ಪಟೆಯಾಗಿ, ಕೊನೆಗೆ ಉದುರಿ ಹೋಗುತ್ತವೆ. ಪ್ರತಿ ಕೋಶದ ಒಳಗೂ ಸಣ್ಣ ಸಣ್ಣ ಎಳೆಗಳಿರುತ್ತವೆ, ಕೆರಾಟಿನ್ ಅಂತ. ಅವು ಬಲೆ ಹಾಗೆ ಹರಡಿಕೊಂಡು ಕೋಶವನ್ನು ಗಟ್ಟಿಯಾಗಿ ಹಿಡಿದಿಡುತ್ತವೆ. ಇದು ಬೇರೆಯವರ ಚರ್ಮ. ಇದು ನಿಮ್ಮದು."

ಮೊದಲನೆಯದರಲ್ಲಿ ಎಳೆಗಳು ನೀಟಾಗಿ ಹರಡಿದ್ದವು. ಎರಡನೆಯದರಲ್ಲಿ ಅಲ್ಲಲ್ಲಿ ಕಪ್ಪು ಮುದ್ದೆಗಳು.

"ನೂಲು ಸಿಕ್ಕಾಗಿ ಗಂಟು ಬಿದ್ದದೆ" ಎಂದಳು ಅಕ್ಕಯ್ಯಮ್ಮ. ಗೂಡಿನಿಂದ ನೂಲು ತೆಗೆಯುವ ಕಡೆ ಅವಳು ಇಂಥ ಮುದ್ದೆಗಳನ್ನು ಬೇಕಾದಷ್ಟು ನೋಡಿದ್ದಳು.

"ಅದೇ. ಆ ಎಳೆ ನೇಯುವ ವಿಧಾನ ತಂದೆತಾಯಿಯಿಂದ ಬರುತ್ತೆ. ನಿಮ್ಮ ವಂಶದಲ್ಲಿ ಅದರಲ್ಲೊಂದು ತಪ್ಪಿದೆ. ಹುಟ್ಟುವ ಪ್ರತಿ ಮಗುವಿಗೂ ಬರಬಹುದು, ಬರದೇ ಇರಬಹುದು, ಅರ್ಧಕ್ಕರ್ಧ ಅವಕಾಶ. ನಿಮ್ಮ ಮಗಳಿಗೆ ಬರಲಿಲ್ಲ, ಮಗನಿಗೆ ಬಂತು. ಬ್ಲೀಚಿಂಗ್ ಪೌಡರಿಗೂ ಇದಕ್ಕೂ ಸಂಬಂಧವೇ ಇಲ್ಲ." ಕೊನೆಯ ಮಾತನ್ನು ಅವರು ಶಿರೀಷಾಳ ಮುಖ ನೋಡಿ ಹೇಳಿದರು. "ಎಳೆ ಗಂಟಾದ್ದರಿಂದ ಕೋಶ ಒಳಗೆ ದುರ್ಬಲ. ಸ್ವಲ್ಪ ಒತ್ತಡಕ್ಕೂ ಒಡೆಯುತ್ತೆ. ಅದಕ್ಕೆ ಚರ್ಮ ಹೆದರಿಕೊಂಡು, ಬೇಕಾದ್ದಕ್ಕಿಂತ ಜಾಸ್ತಿ ಕೆಲಸ ಮಾಡಿ, ಪದರದ ಮೇಲೆ ಪದರ ಹಾಕ್ತಾ ಹೋಗುತ್ತೆ."

ಮುನಿಶಾಮಪ್ಪ ಹೆಂಡತಿಯನ್ನು ನೋಡಿದ. "ಹೆದರ್ಕೊಂಡು ಜಾಸ್ತಿ ಕೆಲ್ಸ ಮಾಡ್ತದಂತೆ. ಚರ್ಮಾನೂ ನಿನ್ನಂಗೇ ಅದಲ್ಲೇ" ಎಂದ. ಅಕ್ಕಯ್ಯಮ್ಮ ಅವನ ತೊಡೆ ಚಿವುಟಿದಳು. ದಪ್ಪ ಬೆರಳಿನ ಚಿವುಟಿಗೆ ಮುದುಕ ಕುರ್ಚಿಯಿಂದ ಎದ್ದೇ ಬಿಟ್ಟ.

ಪೂರ್ತಿ ವಾಸಿಯಾಗುವ ಔಷಧವಿಲ್ಲ, ಜೀವಕ್ಕೆ ಅಪಾಯವೂ ಇಲ್ಲ ಎಂದರು ಡಾಕ್ಟರು. ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ದೊಡ್ಡವರು ಮೆತ್ತಗೆ ಉಜ್ಜಿಕೊಂಡು, ಕೊಟ್ಟ ಮುಲಾಮು ಹಚ್ಚಬೇಕು. ಮಗುವಿಗೆ ಬೇರೆ ಮುಲಾಮು, ಉಜ್ಜುವುದು ಬೇಡ. ಮೂರು ತಲೆಮಾರಿಗೆ ಮೂರು ಡಬ್ಬಿ ಮುಲಾಮು ಹಿಡಿದುಕೊಂಡು ಎಲ್ಲರೂ ಬಸ್ಸು ಹತ್ತಿದರು.

ಲಾವಣ್ಯಳಿಗೆ ಅಕ್ಕಯ್ಯಮ್ಮನೇ ಫೋನ್ ಮಾಡಿದಳು. ವಿಷಯವನ್ನೆಲ್ಲ ಹೇಳಿ, "ನೀನು ಮೈಗಳ್ಳಿ ಅಲ್ಲ ಕಣಮ್ಮ" ಎಂದಳು. "ಇದನ್ನ ಹೇಳೋಕೆ ನಲವತ್ನಾಲ್ಕು ವರ್ಷ ಬೇಕಾಯ್ತೇನಮ್ಮ?" ಎಂದಳು ಮಗಳು. ಆಮೇಲೆ ಮೂಗೊರೆಸಿಕೊಂಡು, "ಸ್ಪೀಕರಿಗೆ ಹಾಕ್ತೀನಿ, ಇನ್ನೊಂದ್ಸಲ ಹೇಳು, ನಮ್ಮ ಮನೆಯವ್ರೂ ಕೇಳಿಸ್ಕೊಳ್ಳಲಿ" ಎಂದಳು. ಅಕ್ಕಯ್ಯಮ್ಮ ಇನ್ನೊಂದು ಸಲ ಹೇಳಿದಳು.

ಊರಿಗೆ ಹೇಳುವುದು ಮಾತ್ರ ಅಷ್ಟು ಸುಲಭವಾಗಲಿಲ್ಲ. ಡೇರಿಗೆ ಹೋಗಿ, ಹಾಲಿನ ಕ್ಯಾನುಗಳ ನಡುವೆ ನಿಂತು, ಎಲ್ಲರ ಎದುರಿಗೆ ವೆಂಕಟರವಣಪ್ಪನಿಗೆ ಹೇಳಿದಳು. ಅವನು ಕೈ ಮುಗಿದ.

"ದೊಡ್ಡೋರು ಯಾವತ್ತೂ ತಮ್ ದುಡಿಮೇನ ತಾವು ಹೇಳ್ಕೊಳಲ್ಲ ನೋಡ್ರಪ್ಪ. ಕಾಯ್ಲೆ ಅಂತೆ! ಅಕ್ಕಯ್ಯಮ್ಮ, ಮುಂದಿನ ವರ್ಷದ ಕ್ಯಾಲೆಂಡರಿಗೂ ನಿಮ್ದೇ ಕೈ."

"ಅಯ್ಯೋ, ಡಾಕ್ಟರ ಚೀಟಿ ತೋರಿಸ್ತೀನಿ ನೋಡಪ್ಪ" ಎಂದು ಅವಳು ಎಷ್ಟು ಬಡಕೊಂಡರೂ ಒಬ್ಬರೂ ನಂಬಲಿಲ್ಲ. ಊರಿನ ಸೊಸೆಯರಲ್ಲಿ ಒಬ್ಬಿಬ್ಬರು ನಂಬಲು ತಯಾರಿದ್ದರು, ಅವರನ್ನು ಯಾರೂ ಕೇಳಲಿಲ್ಲ.

ಮಾರನೆಯ ಬೆಳಿಗ್ಗೆ ನಾಲ್ಕೂವರೆಗೆ ಅಕ್ಕಯ್ಯಮ್ಮನಿಗೆ ಎಚ್ಚರವಾಯಿತು. ಏಳಲು ಹೋದವಳು ಹಾಗೇ ಮಲಗಿದಳು. ಐದಾಯಿತು, ಆರಾಯಿತು. ನಿದ್ದೆಯೇನೂ ಬರಲಿಲ್ಲ, ಹಟಕ್ಕೆ ಮಲಗಿದ್ದಳು. ಹಿತ್ತಲಲ್ಲಿ ಮುನಿಶಾಮಪ್ಪ ಗೊಣಗುತ್ತಾ ಸೊಪ್ಪಿನ ಬುಟ್ಟಿ ಹುಡುಕುವ ಸದ್ದು ಕೇಳಿಸಿತು. ಆ ಸದ್ದಿಗಿಂತ ಸುಖದ ಸಂಗೀತವನ್ನು ಅವಳು ಅಪ್ಪನ ಹಾರ್ಮೋನಿಯಂನಿಂದಲೂ ಕೇಳಿರಲಿಲ್ಲ.

ಏಳು ಗಂಟೆಗೆ ಶಿರೀಷಾ ಕಾಫಿ ತಂದಳು, ಕಂಕುಳಲ್ಲಿ ಹರಿತಾ. ಮುಲಾಮು ಹಚ್ಚುವ ಹೊತ್ತು. ಅಕ್ಕಯ್ಯಮ್ಮ ಎದ್ದು ಕೂತು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಪುಟ್ಟ ಅಂಗೈಗೆ ಮುಲಾಮು ಸವರಿದಳು. ಮಗುವಿನ ಬೆರಳು ಅವಳ ಹೆಬ್ಬೆರಳನ್ನು ಹಿಡಿದುಕೊಂಡಿತು. ಗಟ್ಟಿ ಕೈಯೊಳಗೆ ಗಟ್ಟಿ ಕೈ.

"ಅತ್ತೆ, ನಾಳೆ ದಿನ ಸ್ಕೂಲಲ್ಲಿ ಯಾರಾದ್ರೂ ಕೇಳಿದ್ರೆ ಏನಂತ ಹೇಳೋದು ಇವ್ಳಿಗೆ?" ಎಂದು ಶಿರೀಷಾ ಕೇಳಿದಳು.

"ನಮ್ಮಜ್ಜಿ ಕೈ ಅಂತ ಹೇಳ್ಲಿ" ಎಂದಳು ಅಕ್ಕಯ್ಯಮ್ಮ. ಆಮೇಲೆ ಮಗುವಿನ ಕಡೆ ಬಗ್ಗಿ, ಮುನಿಶಾಮಪ್ಪನಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದಳು, "ನೀನು ಬೇಕಾದ್ರೆ ಕೆಲ್ಸ ಮಾಡು, ಬೇಡ ಅಂದ್ರೆ ಜಗಲಿ ಮೇಲೆ ಕಾಲು ಚಾಚ್ಕೊಂಡು ಕತೆ ಓದು ಕಣಮ್ಮ. ಈ ಕೈಗೋಸ್ಕರ ನೀನು ಒಂದು ಕಡ್ಡೀನೂ ಎತ್ಬೇಡ."